ಬೇರುಗಂಟಿನ ಸೂಕ್ಷ್ಮಾಣು: ಪ್ರಾಚೀನವಾದ ಆಚಾರವೂ ಅರ್ವಾಚೀನವಾದ ಪ್ರಮಾಣವೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ಎಂಬ ನಾಲ್ಕು ಸೀಮೆಗಳು ಹಿಂದೆ ಹೈದರಾಬಾದು ಸಂಸ್ಥಾನದ ಆಳಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿ, 1997ರಲ್ಲಿ ಕೊಪ್ಪಳ ಜಿಲ್ಲೆಯೆಂಬ ಪ್ರತ್ಯೇಕವಾದ ಹೆಸರನ್ನು ಪಡೆದುವು. ಇಲ್ಲಿಯ ಮಸಾರಿ ಹೊಲಗಳಲ್ಲಿ ಸಜ್ಜೆಯ ನಡುವೆ ತೊಗರಿಯನ್ನು ಅಕ್ಕಡಿಯಾಗಿ ಬಿತ್ತುವುದೂ, ಎರೆಯ ಹೊಲಗಳಲ್ಲಿ ಮುಂಗಾರಿಗೆ ಹೆಸರನ್ನು ಬೆಳೆದು ಹಿಂಗಾರಿಗೆ ಜೋಳವನ್ನೋ ಕಡಲೆಯನ್ನೋ ಬಿತ್ತುವುದೂ ಒಕ್ಕಲಿಗರ ರೂಢಿಯು. ದ್ವಿದಳಧಾನ್ಯವನ್ನು ಬೆಳೆದ ನೆಲವು ಮುಂದಿನ ಪೈರಿಗೆ ಸತ್ತ್ವವನ್ನು ಉಳಿಸುವುದೆಂಬ ಅನುಭವವೇ ಈ ರೂಢಿಗೆ ಆಧಾರವು. ಈ ಫಲಕ್ಕೆ ಕಾರಣವಾದ ಸೂಕ್ಷ್ಮಾಣುಗಳನ್ನು ನಮ್ಮ ಪ್ರಾಚೀನರು ಬಲ್ಲವರಾಗಿದ್ದರೆಂದು ಕೆಲವರು ಅಭಿಮಾನದಿಂದ ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಣೀಯವಾಗಿದೆ.

ಮೊದಲು ಗ್ರಂಥಪ್ರಮಾಣವನ್ನು ನೋಡಬೇಕು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ, ಗಿಡಗಳನ್ನು ನೆಡುವುದಕ್ಕೆ ಮುಂಚೆ ಭೂಮಿಯಲ್ಲಿ ಎಳ್ಳನ್ನು ಬಿತ್ತಿ, ಅದು ಹೂಬಿಟ್ಟಾಗ ಅಲ್ಲಿಯೇ ತುಳಿದು ಮಣ್ಣಿಗೆ ಸೇರಿಸಬೇಕೆಂದು ವಿಧಿಸಿರುವನು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ. ಶ. 1025ರ ಸುಮಾರಿನಲ್ಲಿ, ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವು ಮೀಸಲಾಗಿದೆ. ಇವುಗಳಿಂದ ಹಸುರು ಗೊಬ್ಬರದ ಗುಣವೂ ಗಿಡಗಳ ಪೋಷಣಕ್ರಮವೂ ಪ್ರಾಚೀನರಿಗೆ ವಿದಿತವಾಗಿದ್ದುವೆಂದು ನಿಸ್ಸಂದೇಹವಾಗಿ ಹೇಳಬಹುದು. ಆದರೆ ಎಳ್ಳು ದ್ವಿದಳಧಾನ್ಯವಲ್ಲ. ಅದರ ಬೇರಿನಲ್ಲಿ ಆ ಬಗೆಯ ಗಂಟುಗಳಿಲ್ಲ. ಆದುದರಿಂದ ವರಾಹಮಿಹಿರನ ವಾಕ್ಯದಲ್ಲಿ ಸೂಕ್ಷ್ಮಾಣುಗಳನ್ನು ಕಾಣುವುದು, ಗ್ರಂಥಕರ್ತನು ಹೇಳದುದನ್ನು ಅವನ ಬಾಯಿಂದ ಹೇಳಿಸಿದಂತೆಯೇ ಸರಿ. ಫಲಜ್ಞಾನವು ಬೇರೆ, ಕಾರಣಜ್ಞಾನವು ಬೇರೆ.

ಕಾರಣವನ್ನು ನಿಶ್ಚಯಿಸಲು ತಾರ್ಕಿಕರು ಅನ್ವಯ, ವ್ಯತಿರೇಕ ಎಂಬ ಎರಡು ಸಾಧನಗಳನ್ನು ಹೇಳುವರು. ಒಂದು ಇದ್ದರೆ ಮತ್ತೊಂದು ಇರಬೇಕು. ಅದು ಇಲ್ಲವಾದರೆ ಇದೂ ಇಲ್ಲವಾಗಬೇಕು. ಇವೆರಡೂ ಈ ವಿಷಯದಲ್ಲಿ ಒದಗಿದುದು ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ. ಬಟಾಣಿ ಮೊದಲಾದ ಸಸ್ಯಗಳು ಸಾರಜನಕವನ್ನು ಹೆಚ್ಚಿಸಿಕೊಳ್ಳುವುವೆಂದು ಫ್ರಾನ್ಸಿನ ಬೂಸಿಂಗೋ 1838ರಲ್ಲಿಯೇ ಕಂಡಿದ್ದನು. ಕಾರಣವು ಮಾತ್ರ ತಿಳಿಯದೆ ಉಳಿಯಿತು. 1886ರಲ್ಲಿ ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್‌ಫಾರ್ತ್ ಎಂಬವರು, ಕಾಯಿಸಿ ನಿರ್ಜೀವಗೊಳಿಸಿದ ಮರಳಿನಲ್ಲಿ ಬೆಳೆದ ಬಟಾಣಿಗೆ ಗಂಟುಗಳೂ ಇಲ್ಲ, ಸಾರಜನಕದ ಲಾಭವೂ ಇಲ್ಲವೆಂದು ತೋರಿಸಿದರು. ಇದು ವ್ಯತಿರೇಕವು.

ಅನ್ವಯಕ್ಕೆ ಆ ಜೀವಿಯೊಂದನ್ನೇ ಬೇರ್ಪಡಿಸಿ ಬೆಳೆಯಿಸಬೇಕಾಗಿದ್ದಿತು. 1888ರಲ್ಲಿ ಹಾಲೆಂಡಿನ ಬೈಯೆರಿಂಕ್ ಎಂಬಾತನು ದ್ವಿದಳಸಸ್ಯದ ಕಷಾಯಕ್ಕೆ ಜೆಲಟಿನ್ ಸೇರಿಸಿ ಮಾಡಿದ ಪಾಕದ ಮೇಲೆ ಗಂಟಿನ ಸೂಕ್ಷ್ಮಾಣುವನ್ನು ಶುದ್ಧವಾಗಿ ಬೆಳೆಯಿಸಿದನು; 1890ರಲ್ಲಿ ಅದನ್ನು ಸಸ್ಯಕ್ಕೆ ಹಾಯಿಸಿ ಗಂಟುಗಳನ್ನು ಪಡೆದನು. 1889ರಲ್ಲಿ ಫ್ರಾಂಕ್ ಎಂಬವನು ಇದಕ್ಕೆ ರೈಜೋಬಿಯಂ ಎಂಬ ಹೆಸರನ್ನಿಟ್ಟನು.

ಈ ಪಾಕವು ಕ್ರಮೇಣ ಸಂಸ್ಕಾರಹೊಂದಿತು. ಇಂದು ಪ್ರಯೋಗಶಾಲೆಗಳಲ್ಲಿ ಒಂದು ಲೀಟರು ನೀರಿಗೆ ಮ್ಯಾನಿಟಾಲ್ ಎಂಬ ಸಿಹಿದ್ರವ್ಯವನ್ನು 10 ಗ್ರಾಂ, ಪೊಟ್ಯಾಸಿಯಂ ಫಾಸ್ಫೇಟನ್ನು 0.5 ಗ್ರಾಂ, ಮೆಗ್ನೀಸಿಯಂ ಸಲ್ಫೇಟನ್ನು 0.2 ಗ್ರಾಂ, ಉಪ್ಪನ್ನು 0.1 ಗ್ರಾಂ, ಯೀಸ್ಟಿನ ಸಾರವನ್ನು ಸ್ವಲ್ಪ ಸೇರಿಸಿ, ಕಡಲಪಾಚಿಯಿಂದ ತೆಗೆದ ಅಗರ್‌ನಿಂದ ಹೆಪ್ಪುಗಟ್ಟಿಸುವರು. ಬೇರುಗಂಟನ್ನು ತೊಳೆದು, ಹೊರಮೈಯ ಇತರ ಜೀವಿಗಳನ್ನು ಔಷಧದಿಂದ ಕಳೆದು, ಅರೆದ ರಸವನ್ನು ಅದರ ಮೇಲೆ ಗೀರುವರು. ಕಾಂಗೋ ರೆಡ್ ಎಂಬ ಬಣ್ಣವನ್ನು ಬೆರೆಸಿದರೆ ರೈಜೋಬಿಯಂ ಅದನ್ನು ಬಹುಮಟ್ಟಿಗೆ ಹೀರದೆ ಬೆಳ್ಳಗೆ ಲೋಳೆಯಂತೆ ತೋರುವುದು. ಬೇರೆ ಅನೇಕ ಸೂಕ್ಷ್ಮಾಣುಗಳು ಕೆಂಪಾಗುವುವು. 28 ಡಿಗ್ರಿಯ ಶಾಖದಲ್ಲಿ ಕೆಲವು ತಳಿಗಳು ಮೂರು ದಿನಗಳಲ್ಲಿ, ಮತ್ತೆ ಕೆಲವು ಏಳು ದಿನಗಳ ವರೆಗೆ ಬೆಳೆಯುವುವು.

ಇಲ್ಲೊಂದು ಸೂಕ್ಷ್ಮವುಂಟು. ತಟ್ಟೆಯಲ್ಲಿ ಬೆಳೆದ ರೈಜೋಬಿಯಂ ಸಾಮಾನ್ಯವಾಗಿ ಗಾಳಿಯ ಸಾರಜನಕವನ್ನು ಹಿಡಿಯುವುದಿಲ್ಲ. ಸಸ್ಯದ ಆಶ್ರಯವು ಬೇಕು. ಅಲಸಂದೆಯ ವರ್ಗದ ಕೆಲವು ತಳಿಗಳು ಆಮ್ಲಜನಕವು ಅತ್ಯಲ್ಪವಾಗಿದ್ದಾಗ ಸಸ್ಯವಿಲ್ಲದೆಯೂ ಇದನ್ನು ಮಾಡಬಲ್ಲುವೆಂದು ತಿಳಿದುದು 1975ರಲ್ಲಿ. ಬೈಯೆರಿಂಕನೇ 1901ರಲ್ಲಿ ಕಂಡ ಅಜೋಟೋಬ್ಯಾಕ್ಟರಿನ ರೀತಿ ಬೇರೆ. ಸಾರಜನಕವನ್ನೇ ಬೆರೆಸದ ಪಾಕದಲ್ಲಿಯೂ ಅದು ಬೆಳೆಯುವುದು. ಅಲ್ಲಿ ಬೆಳೆವಣಿಗೆಯೇ ಪ್ರಮಾಣವು. ಅಂತಹ ಪಾಕಗಳಲ್ಲಿ 1907ರಲ್ಲಿ ಆಶ್‌ಬಿ ಎಂಬವನು ಬಳಸಿದುದು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಭರತಖಂಡದಲ್ಲಿ ಎನ್. ವಿ. ಜೋಶಿಯವರು 1920ರಲ್ಲಿ ಬೇರುಗಂಟಿನ ಸೂಕ್ಷ್ಮಾಣುಗಳ ಅಧ್ಯಯನವನ್ನು ಪ್ರಕಟಿಸಿದರು. 1939ರಲ್ಲಿ ಪಿ. ಕೆ. ಡೇ ಅವರು ಬತ್ತದ ಗದ್ದೆಗಳಲ್ಲಿ ನೀಲಿಹಸುರು ಪಾಚಿಯು ಸಾರಜನಕವನ್ನು ಕೂಡಿಸುವುದೆಂದು ತೋರಿಸಿದರು. ಬತ್ತದ ನಾಡಾದ ಗಂಗಾವತಿಗೆ ಇದು ಮುಖ್ಯವಾದ ವಿಷಯವು.

ಈಗ ನಾಲ್ಕು ಸೀಮೆಗಳ ಪ್ರಸ್ತುತತೆಗೆ ಬರಬಹುದು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ಮೇಲೆ ಎಡದಂಡೆಯ ಕಾಲುವೆಯ ನೀರು ಗಂಗಾವತಿಯನ್ನು ಬತ್ತದ ಕಣಜವಾಗಿಸಿತು. ಅದರೊಡನೆ ಯೂರಿಯಾ ಗೊಬ್ಬರವೂ, ಕೆಲವು ಕಡೆ ಸವಳು ಜವಳೂ ಬಂದುವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಸುಧಾರಣೆಯೇ ಒಂದು ಪ್ರಧಾನ ವಿಷಯವಾಗಿದೆ. ಕುಷ್ಟಗಿ, ಯಲಬುರ್ಗಿಗಳ ಮಳೆಯಾಶ್ರಯದ ಹೊಲಗಳಲ್ಲಾದರೋ ಬೇರುಗಂಟೇ ಬಡ ಒಕ್ಕಲಿಗನ ಗೊಬ್ಬರವು. ಆದರೆ ಎಲ್ಲ ಪೈರಿಗೂ ಒಂದೇ ಸೂಕ್ಷ್ಮಾಣು ಒದಗದು. ತೊಗರಿ, ಹೆಸರು, ಅಲಸಂದೆ, ಶೇಂಗಾಗಳದು ಒಂದು ವರ್ಗ, ಕಡಲೆಯದು ಬೇರೊಂದು. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸಿ ನೆರಳಿನಲ್ಲಿ ಒಣಗಿಸುವ ಪುಡಿಯು ಪೈರಿಗೆ ತಕ್ಕುದಲ್ಲವಾದರೆ, ಅಥವಾ ಬಿಸಿಲಿಗೆ ಸಿಕ್ಕಿ ಅದರ ಸೂಕ್ಷ್ಮಾಣುಗಳು ಸತ್ತಿದ್ದರೆ, ಶ್ರಮವು ವ್ಯರ್ಥವಾಗುವುದು. ಈ ಮಣ್ಣಿನ ಶಾಖವನ್ನೂ ಸವಳನ್ನೂ ಸಹಿಸಿ ಉಳಿದಿರುವ ತಳಿಗಳನ್ನು ಇಲ್ಲಿಯ ಗಂಟುಗಳಿಂದಲೇ ಆರಿಸಿ ಬೆಳೆಯಿಸುವುದು ಯುಕ್ತವಾಗಿ ತೋರುತ್ತದೆ.

ಇದರಿಂದ ನಿಷ್ಪನ್ನವಾಗುವುದಿಷ್ಟು: ಅಕ್ಕಡಿಯ ಆಚಾರವು ಒಕ್ಕಲಿಗರದು, ಕಾರಣದ ನಿರ್ಣಯವು ಪ್ರಯೋಗಶಾಲೆಯದು. ಒಂದರ ಕೀರ್ತಿಯನ್ನು ಮತ್ತೊಂದಕ್ಕೆ ಆರೋಪಿಸುವುದರಿಂದ ಪೂರ್ವಜರ ಗೌರವವು ಹೆಚ್ಚುವುದಿಲ್ಲ. ತಟ್ಟೆಯಲ್ಲಿ ಬೆಳೆಯುವ ಬಿಳಿಯ ಲೋಳೆಯು ಹೊಲದಿಂದ ಬಂದುದೇ ಆಗಿದ್ದು, ಮರಳಿ ಹೊಲವನ್ನು ಸೇರಿದಾಗಲೇ ಸಾರ್ಥಕವಾಗುವುದು.