ವಿಶ್ವವಿದ್ಯಾನಿಲಯ ಮತ್ತು ಕಾಲೇಜು ಆವರಣಗಳಲ್ಲಿ ವಿದ್ಯುತ್ ಪೋಲು ತಡೆ

2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾನಿಲಯ ಹಾಗೂ ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್‌ನ ಕಾಲೇಜುಗಳು ಬೆಸ್ಕಾಂ ವ್ಯಾಪ್ತಿಗೆ ಒಳಪಡುತ್ತವೆ. ಈ ಸಂಸ್ಥೆಗಳು ವಿದ್ಯುತ್ ವೆಚ್ಚ ತಗ್ಗಿಸಲು ಅನುಸರಿಸಬಹುದಾದ ಕ್ರಮಗಳನ್ನು ಈ ಕೆಳಗೆ ನೀಡಲಾಗಿದೆ.

ಬಿಲ್ಲಿನ ಭಾಗಗಳು: ಬಿಲ್ಲಿನಲ್ಲಿ ಬಳಸಿದ ಯೂನಿಟ್‌ಗಳ ಶುಲ್ಕ ಮತ್ತು ಹೊರೆಯನ್ನು ಆಧರಿಸಿದ ನಿಗದಿತ ಶುಲ್ಕ ಎಂಬ ಎರಡು ಮುಖ್ಯ ಭಾಗಗಳಿರುತ್ತವೆ. ಖಾಲಿ ಕೊಠಡಿಯ ದೀಪ, ಫ್ಯಾನ್ ಆರಿಸಿದರೆ ಮೊದಲನೆಯದು ಇಳಿಯುತ್ತದೆ. ಎರಡನೆಯದು ಇಳಿಯಬೇಕಾದರೆ ಮಂಜೂರಾದ ಹೊರೆಯ ಕಡಿತಕ್ಕೂ ಅರ್ಜಿ ಸಲ್ಲಿಸುವುದು ಅವಶ್ಯ.

ಪೋಲಿನ ಲೆಕ್ಕ (ಉದಾಹರಣೆ): 75 ವ್ಯಾಟ್‌ನ 6 ಫ್ಯಾನ್ ಹಾಗೂ 40 ವ್ಯಾಟ್‌ನ 8 ಟ್ಯೂಬ್‌ಲೈಟ್ ಇರುವ ಕೊಠಡಿಗೆ ಗಂಟೆಗೆ 0.77 ಯೂನಿಟ್ ಬೇಕು. ಇಂತಹ 20 ಖಾಲಿ ಕೊಠಡಿಗಳಲ್ಲಿ ಇವು ದಿನಕ್ಕೆ 3 ಗಂಟೆ ಉರಿದರೆ, 200 ದಿನಗಳಲ್ಲಿ 9,240 ಯೂನಿಟ್ ವ್ಯರ್ಥವಾಗುತ್ತದೆ.

ಕ್ರಮಗಳು:
1. ಪ್ರತಿ ಕಟ್ಟಡಕ್ಕೆ ಉಪಮಾಪಕ ಅಳವಡಿಸಿ, ರಾತ್ರಿ ಮತ್ತು ರಜಾದಿನಗಳ ಬಳಕೆಯನ್ನು ದಾಖಲಿಸುವುದು.
2. ಹಳೆಯ ಟ್ಯೂಬ್‌ಲೈಟ್‌ಗಳ ಬದಲು ಎಲ್‌ಇಡಿ, ಹಳೆಯ ಫ್ಯಾನ್‌ಗಳ ಬದಲು ಸುಮಾರು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಅಳವಡಿಸುವುದು.
3. ಹವಾನಿಯಂತ್ರಣ ಯಂತ್ರಗಳನ್ನು 24 ಡಿಗ್ರಿಯಲ್ಲಿಡುವುದು.
4. ಹನ್ನೆರಡು ತಿಂಗಳ ಬಿಲ್ಲುಗಳಲ್ಲಿ ದಾಖಲಾದ ಗರಿಷ್ಠ ಬೇಡಿಕೆಯನ್ನು ಮಂಜೂರಾದ ಹೊರೆಯೊಡನೆ ಹೋಲಿಸಿ, ಹೆಚ್ಚುವರಿ ಇದ್ದಲ್ಲಿ ಸಂಬಂಧಪಟ್ಟ ಬೆಸ್ಕಾಂ ಉಪವಿಭಾಗ ಕಚೇರಿಗೆ ಹೊರೆ ಕಡಿತದ ಅರ್ಜಿ ಸಲ್ಲಿಸುವುದು. ಕಡಿತದ ನಂತರ ಮಿತಿ ಮೀರಿದರೆ ದಂಡ ಶುಲ್ಕ ಅನ್ವಯವಾಗುವುದರಿಂದ ಅತಿ ಹೆಚ್ಚು ಬಳಕೆಯ ತಿಂಗಳನ್ನೇ ಆಧಾರವಾಗಿಟ್ಟುಕೊಳ್ಳತಕ್ಕದ್ದು.

ಗಮನಿಸಿ: ಗೃಹಜ್ಯೋತಿ ಯೋಜನೆಯು ಗೃಹ ಬಳಕೆಯ ಸಂಪರ್ಕಗಳಿಗೆ ಮಾತ್ರ ಸೀಮಿತವಾಗಿದ್ದು, ಕಾಲೇಜುಗಳಿಗೆ ಅನ್ವಯಿಸುವುದಿಲ್ಲ. ಮಾಹಿತಿಗೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಬಹುದು.