ಕುಸುಮ ರೋಗ ಇದ್ದವರಿಗೆ ಆಪರೇಷನ್ ಮಾಡಲೇಬಾರದೇ? ಸತ್ಯ ಏನು?

ಪ್ರತಿಪಾದನೆ: ಹಿಮೋಫಿಲಿಯಾ, ಅಂದರೆ ಕುಸುಮ ರೋಗ ಇದ್ದವರಿಗೆ ಗಾಯವಾದರೆ ರಕ್ತ ನಿಲ್ಲುವುದೇ ಇಲ್ಲ. ಅವರು ಹಲ್ಲನ್ನೂ ಕೀಳಿಸಬಾರದು.

ಸತ್ಯಾಂಶ: ಇದು ತಪ್ಪು. ಸರಿಯಾದ ಸಿದ್ಧತೆ ಇದ್ದರೆ ಮಂಡಿ ಬದಲಾವಣೆಯಂತಹ ದೊಡ್ಡ ಶಸ್ತ್ರಚಿಕಿತ್ಸೆಯನ್ನೂ ಮಾಡಬಹುದು. ಸಿದ್ಧತೆ ಇಲ್ಲದಿದ್ದರೆ ಒಂದು ಹಲ್ಲು ಕಿತ್ತರೂ ಅಪಾಯ.

ಏನಿದು ಕಾಯಿಲೆ?

ರಕ್ತ ಹೆಪ್ಪುಗಟ್ಟಲು ಫ್ಯಾಕ್ಟರ್ ಎಂಬ ಪ್ರೋಟೀನ್‌ಗಳು ಬೇಕು. ಹುಟ್ಟಿನಿಂದಲೇ ಫ್ಯಾಕ್ಟರ್ 8 ಕಡಿಮೆ ಇದ್ದರೆ ಹಿಮೋಫಿಲಿಯಾ ಎ, ಫ್ಯಾಕ್ಟರ್ 9 ಕಡಿಮೆ ಇದ್ದರೆ ಹಿಮೋಫಿಲಿಯಾ ಬಿ. ಇವರಿಗೆ ರಕ್ತ ಬೇರೆಯವರಿಗಿಂತ ಜೋರಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ ಅಷ್ಟೇ.

ಶಸ್ತ್ರಚಿಕಿತ್ಸೆ ಹೇಗೆ ಸಾಧ್ಯ?

ಕೊರತೆ ಇರುವ ಫ್ಯಾಕ್ಟರನ್ನು ಇಂಜೆಕ್ಷನ್ ಮೂಲಕ ರಕ್ತನಾಳಕ್ಕೆ ಕೊಡುತ್ತಾರೆ. ಹಿಮೋಫಿಲಿಯಾ ಎ ಇದ್ದವರಿಗೆ ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ಇದರ ಮಟ್ಟವನ್ನು ಶೇ. 80ರಿಂದ 100ಕ್ಕೆ ಏರಿಸಬೇಕು. ತೂಕದ ಪ್ರತಿ ಕೆಜಿಗೆ 1 ಯೂನಿಟ್ ಕೊಟ್ಟರೆ ಮಟ್ಟ ಸುಮಾರು ಶೇ. 2 ಏರುತ್ತದೆ. ಅಂದರೆ 60 ಕೆಜಿ ತೂಕದ, ತೀವ್ರ ಕಾಯಿಲೆಯ ವ್ಯಕ್ತಿಗೆ ಮೊದಲ ಡೋಸ್‌ಗೇ ಸುಮಾರು 3,000 ಯೂನಿಟ್ ಬೇಕು. 8ರಿಂದ 12 ಗಂಟೆಯಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಮತ್ತೆ ಮತ್ತೆ ಕೊಡಬೇಕು. ಗಾಯ ಮಾಯುವವರೆಗೆ, ಸಾಮಾನ್ಯವಾಗಿ 7ರಿಂದ 14 ದಿನ, ಇದು ಮುಂದುವರಿಯುತ್ತದೆ. ಮೊದಲ ದಿನ ರಕ್ತ ನಿಂತಿತೆಂದು ನಿಲ್ಲಿಸಿದರೆ, ಕೆಲವು ದಿನಗಳ ನಂತರ ಮತ್ತೆ ಶುರುವಾಗಬಹುದು.

ಕೆಲವರ ದೇಹ ಈ ಫ್ಯಾಕ್ಟರ್‌ನ ವಿರುದ್ಧವೇ ಪ್ರತಿಕಾಯ ತಯಾರಿಸುತ್ತದೆ. ಇದನ್ನು ಇನ್‌ಹಿಬಿಟರ್ ಎನ್ನುತ್ತಾರೆ. ಆಗ ಮಾಮೂಲಿ ಡೋಸ್ ಕೆಲಸ ಮಾಡುವುದಿಲ್ಲ, ಬೇರೆ ಔಷಧ ಬೇಕಾಗುತ್ತದೆ. ಆದ್ದರಿಂದ ಈ ಪರೀಕ್ಷೆ ಮೊದಲೇ ಆಗಬೇಕು.

ಒಂದು ಬಾಟಲಿ ರಕ್ತ ಕೊಟ್ಟರೆ ಸಾಲದೇ?

ಸಾಲದು. ರಕ್ತ ಕೊಟ್ಟರೆ ಹೋದ ರಕ್ತ ತುಂಬಬಹುದು, ಆದರೆ ಅದರಲ್ಲಿರುವ ಫ್ಯಾಕ್ಟರ್ ಶಸ್ತ್ರಚಿಕಿತ್ಸೆಗೆ ಸಾಕಾಗುವುದಿಲ್ಲ.

ಬಿಟಿ, ಸಿಟಿ ನಾರ್ಮಲ್ ಇದೆ, ಭಯವಿಲ್ಲ ಅಲ್ಲವೇ?

ಇಲ್ಲಿಯೇ ಹಲವರು ಎಡವುವುದು. ಹಿಮೋಫಿಲಿಯಾದಲ್ಲಿ ಬಿಟಿ ಸಾಮಾನ್ಯವಾಗಿ ನಾರ್ಮಲ್ ಆಗಿಯೇ ಇರುತ್ತದೆ. ಸೌಮ್ಯ ಕಾಯಿಲೆಯಲ್ಲಿ ಸಿಟಿ ಕೂಡ ನಾರ್ಮಲ್ ಬರಬಹುದು. ರಿಪೋರ್ಟ್‌ನಷ್ಟೇ ಮನೆಯ ಇತಿಹಾಸವೂ ಮುಖ್ಯ. ಈ ಕಾಯಿಲೆ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವುದರಿಂದ, ಸೋದರಮಾವನಿಗೋ ತಾಯಿಯ ತಂದೆಗೋ ರಕ್ತ ನಿಲ್ಲದ ತೊಂದರೆ ಇತ್ತೇ ಎಂದು ವಿಚಾರಿಸಿ. ಆದರೆ ಸುಮಾರು ಮೂರನೇ ಒಂದು ಭಾಗ ರೋಗಿಗಳ ಮನೆಯಲ್ಲಿ ಮೊದಲು ಯಾರಿಗೂ ಇರುವುದಿಲ್ಲ. ಹಾಗಾಗಿ ಹಲ್ಲು ಕಿತ್ತಾಗ, ಸುನ್ನತಿ ಮಾಡಿಸಿದಾಗ ರಕ್ತ ಬಹಳ ಹೊತ್ತು ನಿಲ್ಲದಿದ್ದರೆ ಅದನ್ನೂ ಹೇಳಿ. ವಾನ್ ವಿಲ್ಲೆಬ್ರಾಂಡ್ ಎಂಬ ಇನ್ನೊಂದು ರಕ್ತಸ್ರಾವದ ಕಾಯಿಲೆ ಹೆಣ್ಣುಮಕ್ಕಳಿಗೂ ಬರುತ್ತದೆ. ಮುಟ್ಟಿನಲ್ಲಿ ಅತಿಯಾದ ಸ್ರಾವ ಅದರ ಸೂಚನೆ ಇರಬಹುದು.

ನೆನಪಿಡಿ

* ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಪ್ಯಾರಾಸಿಟಮಾಲ್ ಸುರಕ್ಷಿತ, ಅದೂ ವೈದ್ಯರು ಹೇಳಿದಷ್ಟೇ.
* ಸೊಂಟಕ್ಕೆ, ತೋಳಿಗೆ ಇಂಜೆಕ್ಷನ್ ಹಾಕುವ ಮೊದಲೇ ಕಾಯಿಲೆಯ ವಿಷಯ ತಿಳಿಸಿ.
* ಸಾಕಷ್ಟು ಫ್ಯಾಕ್ಟರ್ ದಾಸ್ತಾನು, ಮಟ್ಟ ಅಳೆಯುವ ಲ್ಯಾಬ್ ಮತ್ತು ರಕ್ತರೋಗ ತಜ್ಞರ ಸಲಹೆ ಸಿಗುವ ಆಸ್ಪತ್ರೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿ.

ನಮ್ಮ ತೀರ್ಮಾನ

ಸಂಬಂಧ ಕೂಡಿಬರುವುದಿಲ್ಲ ಎಂಬ ಹೆದರಿಕೆಯಿಂದ ಎಷ್ಟೋ ಮನೆಗಳಲ್ಲಿ ಈ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಊರಿಗೆ ಹೇಳದಿದ್ದರೂ ಪರವಾಗಿಲ್ಲ, ವೈದ್ಯರಿಗೆ ಹೇಳಲೇಬೇಕು. 'ಆಪರೇಷನ್ ಬೇಡ' ಎನ್ನುವ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. 'ಮೊದಲೇ ತಿಳಿಸಿ' ಎಂಬುದನ್ನು ಮಾಡಿ.