ಗರುಡಗಂಬದ ಬಳಿ ಕೇಳಿದ ಪ್ರಶ್ನೆ

ಕಳೆದ ಡಿಸೆಂಬರಿನಲ್ಲಿ ಮಗಳ ಮನೆಗೆಂದು ಅರಸೀಕೆರೆಗೆ ಹೋಗಿದ್ದೆ. ಮೊಮ್ಮಗಳು ಏಳನೆಯ ತರಗತಿ, ಮೊಮ್ಮಗ ನಾಲ್ಕನೆಯದು. ಇಬ್ಬರೂ "ತಾತ, ಬೇಲೂರು ಹಳೇಬೀಡು ತೋರಿಸು" ಎಂದು ಪಟ್ಟು ಹಿಡಿದರು. ನಿವೃತ್ತ ಇತಿಹಾಸದ ಮೇಷ್ಟರಿಗೆ ಇದಕ್ಕಿಂತ ಇನ್ನೇನು ಬೇಕು? ಅಳಿಯಂದಿರು ಒಂದು ಕಾರು ಗೊತ್ತುಮಾಡಿಕೊಟ್ಟರು.

ಅರಸೀಕೆರೆಯೆಂದರೆ ಬಹಳ ಮಂದಿಗೆ ರೈಲು ಬದಲಿಸುವ ಜಂಕ್ಷನ್ನು, ಇಲ್ಲವೇ ತೆಂಗು ಕೊಬ್ಬರಿಯ ವ್ಯಾಪಾರ. ಊರಿನೊಳಗೇ ಇರುವ ಶಿವಾಲಯವನ್ನು ನೋಡಿದವರು ಕಡಿಮೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲಂತೂ ಜನರು ನೇರವಾಗಿ ಅತ್ತಲೇ ಧಾವಿಸುತ್ತಾರೆ. ಆದ್ದರಿಂದ ನಾನು ಹಟಮಾಡಿ ಮಕ್ಕಳನ್ನು ಮೊದಲು ಶಿವಾಲಯಕ್ಕೇ ಕರೆದೊಯ್ದೆ. ಮುಂದಿನ ಮಂಟಪ ಹದಿನಾರು ಮೂಲೆಗಳ ನಕ್ಷತ್ರದಂತಿದೆ. ಮೊಮ್ಮಗ ಸುತ್ತು ಹಾಕಿ ಮೂಲೆಗಳನ್ನು ಎಣಿಸಿದ, ಎರಡು ಸಲ ಲೆಕ್ಕ ತಪ್ಪಿದ. ಇದು ಕಟ್ಟಲ್ಪಟ್ಟದ್ದು 1220ರಲ್ಲಿ. ಇದೇ ಊರಿನ ಸಹಸ್ರಕೂಟ ಜಿನಾಲಯವನ್ನು ರೇಚರಸನೆಂಬ ದಂಡನಾಯಕ ಕಟ್ಟಿಸಿದ್ದೂ ಅದೇ ವರ್ಷ. ಇಮ್ಮಡಿ ವೀರಬಲ್ಲಾಳ ತೀರಿಕೊಂಡದ್ದೂ 1220ರಲ್ಲಿಯೇ. "ಈ ಇಸವಿಯನ್ನು ನೆನಪಿಡಿ, ಹಳೇಬೀಡಿನಲ್ಲಿ ಮತ್ತೆ ಬೇಕಾಗುತ್ತದೆ" ಎಂದು ಹಳೆಯ ಅಭ್ಯಾಸದಂತೆ ಎಚ್ಚರಿಸಿದೆ.

ದೇವಸ್ಥಾನದ ಜಗಲಿಯ ಮೇಲೆ ಒಬ್ಬ ವೃದ್ಧೆ ಕೈಚೀಲ ಇಟ್ಟುಕೊಂಡು ಕುಳಿತಿದ್ದರು. ನನ್ನ ಮಾತು ಅವರ ಕಿವಿಗೂ ಬಿದ್ದಿರಬೇಕು. "ಹಳೇಬೀಡಿಗಾ ಸ್ವಾಮಿ? ನನ್ನೂ ಅಲ್ಲೀಗಂಟ ಬಿಡ್ತೀರಾ? ಮಗಳ ಮನೆಗೆ ಹೋಗ್ಬೇಕು" ಎಂದರು. ಹಿಂದಿನ ಸೀಟಿನಲ್ಲಿ ಜಾಗವಿತ್ತು. ಜಾವಗಲ್ಲಿನ ಹಾದಿಯಲ್ಲಿ ಹೋಗುವಾಗ ಮೊಮ್ಮಗಳು, "ಅಜ್ಜಿ, ನಿಮಗೆ ಎಷ್ಟು ಮಕ್ಕಳು?" ಎಂದು ಕೇಳಿದಳು. "ಇಬ್ರು ಕಣವ್ವಾ. ಈಗ ಒಬ್ಳವ್ಳೆ" ಎಂದು ಹೇಳಿ ಆಕೆ ಕಿಟಕಿಯತ್ತ ತಿರುಗಿದರು. ನಾನು ಮಾತು ಬೆಳೆಸಲಿಲ್ಲ.

ಅಳಿಯ ಗುಡಿಯ ಹತ್ತಿರವೇ ಬಂದು ಕರೆದೊಯ್ಯುವನೆಂದು ಹೇಳಿದ್ದರಿಂದ ಹಳೇಬೀಡಿನಲ್ಲಿ ಆಕೆಯೂ ನಮ್ಮೊಡನೆ ಒಳಗೆ ಬಂದರು. ಹೊಯ್ಸಳೇಶ್ವರ ದೇವಾಲಯದ ವರ್ಣನೆಗೆ ನಾನಿಲ್ಲಿ ಹೊರಡುವುದಿಲ್ಲ. ನನ್ನ ವಿದ್ಯಾರ್ಥಿಗಳಾದ ನೀವೆಲ್ಲ ಆನೆ, ಸಿಂಹ, ಹಂಸಗಳ ಸಾಲನ್ನು ಕೆಳಗಿನಿಂದ ಮೇಲಕ್ಕೆ ಪಟ್ಟಿಮಾಡಿ ಅಂಕ ಗಳಿಸಿದವರೇ. ನಾನು ಮಕ್ಕಳನ್ನು ನಿಲ್ಲಿಸಿದ್ದು ಆವರಣದಲ್ಲಿರುವ ಗರುಡಗಂಬದ ಎದುರಿಗೆ.

ಒಂಬತ್ತನೆಯ ತರಗತಿಯಲ್ಲಿ ನಾನು ಹೇಳುತ್ತಿದ್ದ ಆ ಕಥೆ ನಿಮಗೆ ನೆನಪಿರಬಹುದು. ಒಡೆಯನ ಮೈಗಾವಲಿಗೆ ನಿಂತು, ಅವನು ಸತ್ತರೆ ತಾವೂ ಸಾಯುವೆವೆಂದು ಪ್ರತಿಜ್ಞೆ ಮಾಡಿದವರು ಗರುಡರು. ಈ ವ್ರತಕ್ಕೆ ವೇಳೆವಾಳಿ, ಲೆಂಕವಾಳಿ ಎಂಬ ಹೆಸರುಗಳಿದ್ದವು. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳನ್ನು ನೋಡಿದರೆ, ಒಂದೇ ಮನೆತನದವರು ತಲೆಮಾರುಗಳ ಕಾಲ ಈ ವ್ರತ ಹಿಡಿದದ್ದು ತಿಳಿಯುತ್ತದೆ. ಹಳೇಬೀಡಿನ ಕಂಬ ಕುವರ ಲಕ್ಷ್ಮನದು. ಬಲ್ಲಾಳ ಸತ್ತಾಗ ಅವನೂ, ಅವನ ಹೆಂಡತಿ ಸುಗ್ಗಲದೇವಿಯೂ, ಸಂಗಡಿಗರೂ ಪ್ರಾಣಬಿಟ್ಟರು. ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿರುವ ವೀರರ ಚಿತ್ರಗಳು ಕಂಬದ ಮೇಲಿವೆ. ಸ್ವಾಮಿನಿಷ್ಠೆಗೆ ಇದಕ್ಕೆ ಮಿಗಿಲಾದ ನಿದರ್ಶನ ಜಗತ್ತಿನಲ್ಲಿಲ್ಲವೆಂದು ದನಿಯೇರಿಸಿ ಹೇಳಿಯೇ ನಾನು ಆ ಪಾಠವನ್ನು ಮುಗಿಸುತ್ತಿದ್ದುದು. ಅಂದೂ ಹಾಗೆಯೇ ಮುಗಿಸಿದೆ.

ಆ ವೃದ್ಧೆ ಕಂಬವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಮೇಷ್ಟ್ರೇ, ಅವನ ತಾಯಿ ಕಥೆ ಏನಾಯ್ತು?"

ನನ್ನ ಪಾಠದಲ್ಲಿ ತಾಯಿ ಇರಲೇ ಇಲ್ಲ. ಕುವರನೆಂದರೆ ಮಗ ಎಂದು ಎಷ್ಟೋ ಸಲ ಬೋರ್ಡಿನ ಮೇಲೆ ಅರ್ಥ ಬರೆದಿದ್ದೇನೆ. ಯಾರ ಮಗ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. "ನಾನು ಕಲಿಸಿದ್ದರಲ್ಲಿ ಅದು ಇಲ್ಲಮ್ಮ" ಎಂದೆ.

"ನನ್ ಮಗನಿಗೂ ಊರಾಗೆ ಕಲ್ಲು ಹಾಕವ್ರೆ. ಮಿಲ್ಟ್ರಿಯಾಗಿದ್ದ. ಹೆಸರು, ನಂಬರು ಎಲ್ಲಾ ಐತೆ. ನಂಗೆ ಓದೋಕೆ ಬರಾಕಿಲ್ಲ. ಇಸ್ಕೂಲ್ ಮಕ್ಕಳು ಬಂದ್ರೆ ಓದಿಸ್ಕೊಂಡು ಕೇಳ್ತೀನಿ" ಎಂದರು. ಕಣ್ಣಿನಲ್ಲಿ ನೀರಿರಲಿಲ್ಲ. ಮೊಮ್ಮಗಳು ಹೋಗಿ ಅವರ ಕೈ ಹಿಡಿದುಕೊಂಡಳು. ಹೊರಗೆ ಬಂದಾಗ ಅಳಿಯ ಬೈಕಿನಲ್ಲಿ ಕಾಯುತ್ತಿದ್ದ. ಆಕೆ ಚೀಲದಿಂದ ನಾಲ್ಕು ಗಿಟುಕು ಕೊಬ್ಬರಿ ತೆಗೆದು ಮಕ್ಕಳಿಗೆ ಕೊಟ್ಟು, ಹಿಂದೆ ಕುಳಿತು ಹೊರಟುಹೋದರು.

ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರು. ದಾರಿಯುದ್ದಕ್ಕೂ ನಾನು ಮಾತನಾಡಲಿಲ್ಲ. ಚೆನ್ನಕೇಶವನ ಗುಡಿಯಲ್ಲಿ ಶಿಲಾಬಾಲಿಕೆಯರನ್ನು ಮಕ್ಕಳು ತಾವೇ ನೋಡಿಕೊಂಡರು. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿಯೆದುರು ನಿಂತಾಗ, ಇದನ್ನು ಕಟ್ಟಿಸಿದವಳು ವಿಷ್ಣುವರ್ಧನನ ರಾಣಿ ಶಾಂತಲೆ ಎಂದು ಹೇಳಹೊರಟವನಿಗೆ ಥಟ್ಟನೆ ನೆನಪಾದವಳು ಅವಳ ತಾಯಿ ಮಾಚಿಕಬ್ಬೆ.

ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ತಾನು ಉಳಿಯಲಾರೆನೆಂದು ಮಾಚಿಕಬ್ಬೆ ಶ್ರವಣಬೆಳಗೊಳಕ್ಕೆ ಬಂದಳು. ಪರಮ ಜಿನಭಕ್ತೆಯಾದ ಆಕೆ ಸನ್ಯಸನ ಕೈಗೊಂಡು, ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು. ಶ್ರವಣಬೆಳಗೊಳದ ಶಾಸನ ಇದನ್ನು ಹೇಳುತ್ತದೆ. ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿ ಹೊರತಂದ ಶಾಸನಸಂಪುಟದಲ್ಲಿ ಅದನ್ನು ಹಿಂದೆಯೇ ಓದಿದ್ದೆ, ಸಲ್ಲೇಖನದ ಉದಾಹರಣೆಯೆಂದು ಗುರುತು ಹಾಕಿಟ್ಟಿದ್ದೆ. ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳ ಮಾತು ಅದರಲ್ಲಿದೆಯೆಂದು ಅಂದು ಹೊಳೆದಿರಲಿಲ್ಲ. ಗರುಡನ ತಾಯಿಯ ಕಥೆ ಹೇಳಲಾಗದಿದ್ದರೂ ಈ ತಾಯಿಯ ಕಥೆಯನ್ನಾದರೂ ಆಕೆಗೆ ಹೇಳಬಹುದಿತ್ತು. ಎರಡು ಗಂಟೆ ತಡವಾಗಿ ನೆನಪಾಯಿತು.

ಮೊಮ್ಮಗಳಿಗೆ ಹೇಳಿದೆ. ಅವಳು ಪ್ರವಾಸದ ಟಿಪ್ಪಣಿ ಪುಸ್ತಕದಲ್ಲಿ ಮಾಚಿಕಬ್ಬೆ ಎಂದು ಬರೆದುಕೊಂಡಳು, ಒತ್ತಕ್ಷರ ಸರಿಯಾಗಿದೆಯೇ ಎಂದು ತೋರಿಸಿದಳು. ಮೇಲುಗಡೆ ಕುವರ ಲಕ್ಷ್ಮ, ಸುಗ್ಗಲದೇವಿ, ರೇಚರಸ, ಎಲ್ಲರ ಹೆಸರೂ ಇತ್ತು. ಕೆಳಗೆ ಇನ್ನೊಂದು ಸಾಲು ಬಿಟ್ಟು ಪೆನ್ನು ಹಿಡಿದುಕೊಂಡೇ ಕೇಳಿದಳು:

"ತಾತ, ಆ ಅಜ್ಜಿಯ ಹೆಸರೇನು?"

ನಾವು ಕೇಳಿರಲಿಲ್ಲ.